ಹೆಗ್ಗಣಕ್ಕೆ ದೊಣ್ಣೆ, ಕ್ಯಾಪಿಬಾರಾಗೆ ಲೈಕ್: ತೋಟದಲ್ಲಿ ಏನು ಮಾಡೋಣ?

ರೀಲ್ಸ್ ನೋಡೋರಿಗೆಲ್ಲ ಕ್ಯಾಪಿಬಾರಾ ಗೊತ್ತು. ದಕ್ಷಿಣ ಅಮೆರಿಕದ ಈ ಪ್ರಾಣಿ ಇಲಿ, ಅಳಿಲುಗಳ ಬಳಗದಲ್ಲೇ ಅತಿ ದೊಡ್ಡದು. ಕೆಲವು 50 ಕೆಜಿಯನ್ನೂ ದಾಟುತ್ತವೆ. ನೀರಲ್ಲಿ ಸುಮ್ಮನೆ ಕೂತಿದ್ದರೂ ನಮಗೆ ಮುದ್ದು. ಅದೇ ಬಳಗದ ಹೆಗ್ಗಣ ಕಣದಲ್ಲಿ ಕಂಡರೆ ದೊಣ್ಣೆ ಹುಡುಕುತ್ತೇವೆ. ‘ಹೆತ್ತವರಿಗೆ ಹೆಗ್ಗಣ ಮುದ್ದು’ ಅನ್ನೋ ಗಾದೆಯ ಅರ್ಥವೇ ಬೇರೆ ಯಾರಿಗೂ ಅದು ಮುದ್ದಲ್ಲ ಅಂತ. ಲಂಚ ತಿನ್ನೋರನ್ನೂ ಹೆಗ್ಗಣ ಅಂತಲೇ ಬೈತೀವಿ.

ನನ್ನ ತೋಟಕ್ಕೆ ಈ ಬಳಗದ ಇಬ್ಬರು ದೊಡ್ಡವರು ಬರುತ್ತಾರೆ: ಹೆಗ್ಗಣ ಮತ್ತು ಮುಳ್ಳುಹಂದಿ. ಸಿಟ್ಟು ಎರಡರ ಮೇಲೂ ಬರುತ್ತೆ, ಆದರೆ ಉಪಾಯ ಒಂದೇ ಆಗಬಾರದು.

ಹೆಗ್ಗಣ

ಒಂದು ಕೆಜಿ ತನಕ ತೂಗುತ್ತದೆ, ಬೇಗ ಮರಿ ಹಾಕುತ್ತದೆ. ಹಾಗಾಗಿ ಹಿಡಿದು ಕಡಿಮೆ ಮಾಡಲೇಬೇಕು. ಸಂಜೆ ಎಲ್ಲ ಬಿಲಗಳ ಬಾಯಿಯನ್ನೂ ಮಣ್ಣಿನಿಂದ ಮುಚ್ಚಿ. ಬೆಳಗ್ಗೆ ತೆರೆದಿರುವ ಬಿಲದಲ್ಲಷ್ಟೇ ಹೆಗ್ಗಣ ಇದೆ. ಅದರ ಹತ್ತಿರ ಕೊಬ್ಬರಿ ಚೂರು ಇಟ್ಟು ಬೋನು ಹಾಕಿ. ಬದುಗಳನ್ನು ಸಣ್ಣದಾಗಿಸಿ, ಕಳೆ ತೆಗೆಯಿರಿ.

ವಿಷ ಬೇಡ ಅನ್ನೋದಕ್ಕೆ ಸಾವಯವ ನಿಯಮವೊಂದೇ ಕಾರಣ ಅಲ್ಲ. ವಿಷ ತಿಂದ ಹೆಗ್ಗಣವನ್ನು ತಿಂದು ನಾಯಿ, ಗೂಬೆಗಳೂ ಸಾಯಬಹುದು. ಹೆಗ್ಗಣದ ಮರಿ, ಇಲಿಗಳನ್ನು ಪುಕ್ಕಟೆ ಹಿಡಿಯುವ ಕೆಲಸದಾಳು ಗೂಬೆ. ಅದು ಕೂರಲು ಹೊಲದಲ್ಲಿ ಎತ್ತರದ ಕೋಲು ನೆಡಿ.

ಸತ್ತ ಹೆಗ್ಗಣವನ್ನು ಬರಿಗೈಯಲ್ಲಿ ಮುಟ್ಟಬೇಡಿ. ಇದರ ಮೂತ್ರದಿಂದ ಇಲಿಜ್ವರ ಬರುತ್ತದೆ. ಕೈಕಾಲಲ್ಲಿ ಗಾಯವಿದ್ದಾಗ ಬೂಟು ಹಾಕದೆ ಕೆಸರಿಗಿಳಿಯಬೇಡಿ.

ಮುಳ್ಳುಹಂದಿ

ಹೆಸರಲ್ಲಿ ಹಂದಿ ಇದ್ದರೂ ಇದು ಇಲಿಯ ನೆಂಟ, ಭಾರತದ ಅತಿ ದೊಡ್ಡ ದಂಶಕ. ತೂಕ 10 ಕೆಜಿ ಮೀರುತ್ತದೆ. ಮುಳ್ಳು ಬಾಣದಂತೆ ಎಸೆಯುತ್ತೆ ಅಂತ ಹೆದರುವವರು ಈಗಲೂ ಇದ್ದಾರೆ. ಅದು ಎಸೆಯೋದಿಲ್ಲ. ಬೆನ್ನು ತಿರುಗಿಸಿ ಹಿಂದಕ್ಕೆ ನುಗ್ಗುತ್ತದೆ, ಆಗ ಮುಳ್ಳು ಚುಚ್ಚಿಕೊಂಡು ಕಳಚುತ್ತದೆ.

ರಾತ್ರಿ ಬಂದು ಗೆಡ್ಡೆ ಅಗೆಯುತ್ತೆ, ತೆಂಗಿನ ಸಸಿ ಕಡಿಯುತ್ತೆ, ಮರದ ಬುಡದ ತೊಗಟೆ ಕೆರೆಯುತ್ತೆ. ನಷ್ಟ ನಿಜ. ಆದರೆ ಒಂದು ಸಲಕ್ಕೆ ಸಾಮಾನ್ಯವಾಗಿ ಒಂದೆರಡೇ ಮರಿ. ಇದನ್ನು ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ ಕೂಡ. ಆದ್ದರಿಂದ ತಡೆಯುವುದೇ ದಾರಿ. ಸಸಿ ಸುತ್ತ ಎರಡಡಿ ಎತ್ತರದ ಗಟ್ಟಿ ಜಾಲರಿ ಕಟ್ಟಿ, ಅಗೆದು ನುಗ್ಗದಂತೆ ಅರ್ಧ ಅಡಿ ಮಣ್ಣೊಳಗೆ ಇಳಿಸಿ. ನೇರ ಕರೆಂಟ್ ಎಳೆದ ತಂತಿ ಮಾತ್ರ ಬೇಡವೇ ಬೇಡ. ಮುಳ್ಳುಹಂದಿಗೆ ಇಟ್ಟ ತಂತಿಗೆ ರಾತ್ರಿ ನೀರು ಕಟ್ಟಲು ಹೋದ ನಮ್ಮವರೇ ಸಿಕ್ಕಿಬೀಳಬಹುದು.

ಈ ವಾರ ಒಂದು ಸಂಜೆ ಬಿಲಗಳನ್ನು ಮುಚ್ಚಿ ನೋಡಿ. ಬೆಳಗ್ಗೆ ಎಷ್ಟು ತೆರೆದಿವೆ ಅಂತ ಎಣಿಸಿ, ಆಮೇಲೆ ಬೋನು ತನ್ನಿ.