ಸಿರಿ ಪಾಡ್ದನ

ಶಿರ್ವ, ಕಾರ್ಕಳಗಳ ಕಡೆ ನಾಟಿ ಮಾಡುವ ಹೆಂಗಸರು ತುಳುವಿನಲ್ಲಿ ಹಾಡುತ್ತ ಬಂದ ಕಥನಗೀತಗಳಿಗೆ ಪಾಡ್ದನಗಳೆಂದು ಹೆಸರು. ಬರಹದ ನೆರವಿಲ್ಲದೆ ಒಬ್ಬನೇ ಗಾಯಕನು ಇಂಥ ಹಾಡನ್ನು ಮಹಾಕಾವ್ಯದಷ್ಟು ಬೆಳೆಸಬಲ್ಲನೇ? ವಿದ್ವಾಂಸರಿಗೆ ಇದು ಬಹುಕಾಲದ ಸಂದೇಹ. ಫಿನ್ಲೆಂಡಿನ ‘ಕಾಲೆವಾಲ’ವಾದರೋ ಹಲವರ ಹಾಡುಗಳನ್ನು ಒಬ್ಬ ಪಂಡಿತನು ಹೊಂದಿಸಿದ ಕಾವ್ಯ. ಆ ನಾಡಿನ ತುರ್ಕು ವಿಶ್ವವಿದ್ಯಾನಿಲಯದ ಲೌರಿ ಹಾಂಕೊ ಅವರು 1990ರ ಡಿಸೆಂಬರಿನಲ್ಲಿ ಬೆಳ್ತಂಗಡಿ ಸೀಮೆಯ ಕೃಷಿಕ ಗೋಪಾಲ ನಾಯ್ಕರ ಸಿರಿ ಪಾಡ್ದನವನ್ನು ಹಲವು ದಿನ ಧ್ವನಿಮುದ್ರಿಸಿಕೊಂಡರು. ಹಾಂಕೊ ಅವರದು ಜಾನಪದ ಹಾಗೂ ಧರ್ಮಗಳ ತೌಲನಿಕ ಅಧ್ಯಯನ; ಜೊತೆಗಿದ್ದ ವಿವೇಕ ರೈ, ಚಿನ್ನಪ್ಪ ಗೌಡ ಅವರು ಮಂಗಳೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಾಪಕರು. ತುಳು ಮಾತಿನ ಒಳದನಿಯನ್ನು ಬಲ್ಲವರು ಅವರೇ. ಆದರೂ ಈ ಕೂಟದಲ್ಲಿ ನಿಜವಾದ ಆಚಾರ್ಯರು ನಾಯ್ಕರೆಂದೇ ಹೇಳಬೇಕು. 1998ರಲ್ಲಿ ಇಂಗ್ಲಿಷ್ ಅನುವಾದದೊಡನೆ ಅಚ್ಚಾದ ಅವರ ಹಾಡಿನಲ್ಲಿ 15,683 ಸಾಲುಗಳಿದ್ದುವು.