ಟ್ರಯಥ್ಲಾನ್‌ನ ಮೊದಲ ಬಾಗಿಲು ನೀರು

ಈಜು, ಸೈಕಲ್ ಸವಾರಿ ಮತ್ತು ಓಟಗಳನ್ನು ನಡುವೆ ವಿಶ್ರಾಂತಿಯಿಲ್ಲದೆ ಒಂದೇ ಸ್ಪರ್ಧೆಯಾಗಿ ಮುಗಿಸಬೇಕಾದ ಟ್ರಯಥ್ಲಾನ್, 1974ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಆಧುನಿಕ ರೂಪ ತಳೆದು, 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಪದಕದ ಕ್ರೀಡೆಯಾಯಿತು. ಒಲಿಂಪಿಕ್ಸ್ ಅಳತೆಯಲ್ಲಿ ಸ್ಪರ್ಧಿಯು 1.5 ಕಿ.ಮೀ. ಈಜಿ, 40 ಕಿ.ಮೀ. ಸೈಕಲ್ ತುಳಿದು, 10 ಕಿ.ಮೀ. ಓಡಬೇಕು; ಒಂದರಿಂದ ಇನ್ನೊಂದಕ್ಕೆ ಹೊರಳುವ, ಟ್ರಾನ್ಸಿಷನ್ ಎಂದು ಕರೆಯುವ ಘಟ್ಟದ ಸಮಯವೂ ಒಟ್ಟು ಲೆಕ್ಕಕ್ಕೆ ಸೇರುತ್ತದೆ. ದಣಿದ ದೇಹ ನೀರಿಗಿಳಿದರೆ ಜೀವಕ್ಕೇ ಅಪಾಯವಾದ್ದರಿಂದ ಈಜನ್ನು ಮೊದಲಿಗೆ ಇಡಲಾಗಿದೆ. ಹಾಗಾಗಿ ಈಜು ಬಾರದವರು ಎಷ್ಟೇ ಗಟ್ಟಿಗರಾದರೂ ಮುಂದಿನ ಎರಡು ಹಂತಗಳನ್ನು ತಲುಪಲಾರರು.

ಯಾದಗಿರಿ, ಶಹಾಪುರ, ಸುರಪುರಗಳ ಮಟ್ಟಿಗೆ ಈ ಕ್ರೀಡೆಯ ಮುಖ್ಯ ಪ್ರಶ್ನೆ ಇದೇ. ಪೊಲೀಸ್ ಮತ್ತು ಸೇನಾ ನೇಮಕಾತಿಗಾಗಿ ಬೆಳಗಿನ ಜಾವ ಓಡುವ ಯುವಕರು ಇಲ್ಲಿ ಹೊಸಬರಲ್ಲ. ಪಕ್ಕದ ವಿಜಯಪುರ ಜಿಲ್ಲೆ ನಾಡಿಗೆ ಸೈಕಲ್ ಪಟುಗಳನ್ನು ಕೊಡುತ್ತಲೇ ಬಂದಿದೆ. ಶಹಾಪುರ ಮತ್ತು ಸುರಪುರಗಳನ್ನು ಹಾಯ್ದು ಹೋಗುವ ಬೀದರ್–ಶ್ರೀರಂಗಪಟ್ಟಣ ಹೆದ್ದಾರಿ ದೂರದ ಸವಾರಿಗೂ ಸಾಕು. ನೀರಿಗೂ ಬರವಿಲ್ಲ. ಯಾದಗಿರಿಯ ಮಗ್ಗುಲಲ್ಲೇ ಭೀಮಾ ಹರಿಯುತ್ತಾಳೆ, ನಾರಾಯಣಪುರದ ಬಸವಸಾಗರದಿಂದ ಹೊರಟ ಕೃಷ್ಣೆಯ ಎಡದಂಡೆ ಕಾಲುವೆ ಸುರಪುರ, ಶಹಾಪುರಗಳ ಹೊಲಗಳಿಗೆ ನೀರುಣಿಸುತ್ತದೆ. ಆದರೆ ಮೊಸಳೆಗಳಿರುವ ಕೃಷ್ಣೆಯಾಗಲಿ, ಸೆಳವಿನ, ಜಾರುವ ಇಳಿಜಾರು ದಂಡೆಯ ಕಾಲುವೆಯಾಗಲಿ ಕಲಿಕೆಯ ಜಾಗವಲ್ಲ. ಬೆನ್ನಿಗೆ ಸೋರೆಬುರುಡೆ ಕಟ್ಟಿ ಬಾವಿಗಿಳಿಸಿ ಈಸು ಕಲಿಸುತ್ತಿದ್ದ ಹಳೆಯ ಕ್ರಮ ಅನೇಕ ಹುಡುಗರನ್ನು ನೀರಿಗೆ ಒಗ್ಗಿಸಿತು, ಹುಡುಗಿಯರನ್ನು ಬಹುಮಟ್ಟಿಗೆ ದಡದಲ್ಲೇ ಉಳಿಸಿತು ಎಂಬುದನ್ನೂ ಇಲ್ಲಿ ಹೇಳಲೇಬೇಕು.

ನೀರಿನ ಭಯವನ್ನು ಗೆದ್ದವರೇ ನೀರಿನ ಗುರುಗಳಾದ ನಿದರ್ಶನ ಕರ್ನಾಟಕದಲ್ಲೇ ಇದೆ. 1982ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ನಿಶಾ ಮಿಲೆಟ್, ಎಳವೆಯಲ್ಲಿ ಮುಳುಗಿ ಸಾಯುವ ಅಂಚಿನಿಂದ ಪಾರಾಗಿ, ತಂದೆಯ ಒತ್ತಾಸೆಯಿಂದಲೇ ಈಜು ಕಲಿತವರು. 100 ಮೀಟರ್ ಫ್ರೀಸ್ಟೈಲ್ ಅನ್ನು, ಅಂದರೆ ಸ್ಪರ್ಧಿ ತನಗೆ ಬೇಕಾದ ಶೈಲಿಯಲ್ಲಿ ಈಜಬಹುದಾದ ವಿಭಾಗವನ್ನು, ಒಂದು ನಿಮಿಷದೊಳಗೆ ಮುಗಿಸಿದ ಮೊದಲ ಭಾರತೀಯ ಮಹಿಳೆ ಎನಿಸಿದ ಅವರು, 1999ರ ಮಣಿಪುರದ ರಾಷ್ಟ್ರೀಯ ಕ್ರೀಡಾಕೂಟದಲ್ಲಿ 14 ಚಿನ್ನ ಗೆದ್ದು, ಟ್ರಯಥ್ಲಾನ್ ಪದಾರ್ಪಣೆ ಮಾಡಿದ ಅದೇ ಸಿಡ್ನಿ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಫ್ರೀಸ್ಟೈಲ್‌ಗೆ ಇಳಿದರು. ಅರ್ಜುನ ಪ್ರಶಸ್ತಿ ಪಡೆದ ಅವರು 2004ರ ಅಥೆನ್ಸ್ ಅರ್ಹತೆಯನ್ನು ಕೂದಲೆಳೆಯ ಅಂತರದಲ್ಲಿ ಕಳೆದುಕೊಂಡ ಬಳಿಕ ಸ್ಪರ್ಧೆಯಿಂದ ಹಿಂದೆ ಸರಿದು, ಬೆಂಗಳೂರಿನಲ್ಲಿ ಈಜು ಅಕಾಡೆಮಿ ಕಟ್ಟಿ ತರಬೇತುದಾರರಾದರು. ಮುಳುಗುವುದೆಂದರೇನೆಂದು ಬಲ್ಲವರು ಮಗುವಿನ ಹೆದರಿಕೆಯನ್ನು ಹೇಡಿತನವೆಂದು ಎಣಿಸಲಾರರು. ಆ ಅರಿವಿನ ಬೆಲೆ ಪದಕಗಳಿಗಿಂತ ಕಡಿಮೆಯದೇನಲ್ಲ.

ಟ್ರಯಥ್ಲಾನ್‌ನೊಳಗೇ ಇದಕ್ಕೆ ಹೋಲುವ ಬದುಕು ಅಮೆರಿಕದ ಸಿರಿ ಲಿಂಡ್ಲಿ ಅವರದು. ಕಾಲೇಜಿನಲ್ಲಿ ಹಾಕಿ, ಲಕ್ರಾಸ್ ಆಡುತ್ತಿದ್ದ ಅವರು ಇಪ್ಪತ್ತರ ಹರೆಯ ದಾಟಿದ ಮೇಲೆ, ಸರಿಯಾಗಿ ಈಜಲೂ ಬಾರದ ಸ್ಥಿತಿಯಲ್ಲಿ ಟ್ರಯಥ್ಲಾನ್‌ಗೆ ಕಾಲಿಟ್ಟರು; 2000ದಲ್ಲಿ ಒಲಿಂಪಿಕ್ ತಂಡದಲ್ಲಿ ಸ್ಥಾನ ತಪ್ಪಿದರೂ ಮರುವರ್ಷ ಕೆನಡಾದ ಎಡ್ಮಂಟನ್‌ನಲ್ಲಿ ವಿಶ್ವ ಚಾಂಪಿಯನ್ ಆದರು. ಉತ್ತುಂಗದಲ್ಲಿದ್ದಾಗಲೇ, 2002ರಲ್ಲಿ, ನಿವೃತ್ತರಾಗಿ ತರಬೇತಿಗೆ ತಿರುಗಿದ ಅವರ ಶಿಷ್ಯೆ ಸುಸಾನ್ ವಿಲಿಯಮ್ಸ್ 2004ರ ಅಥೆನ್ಸ್‌ನಲ್ಲಿ ಕಂಚು ಗೆದ್ದರು. 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, 42.2 ಕಿ.ಮೀ. ಓಟಗಳ ಐರನ್‌ಮ್ಯಾನ್‌ನಲ್ಲಿ ಮೂರು ಬಾರಿ ವಿಶ್ವ ಚಾಂಪಿಯನ್ ಆದ ಆಸ್ಟ್ರೇಲಿಯಾದ ಮಿರಿಂಡಾ ಕಾರ್‌ಫ್ರೇ ಕೂಡ ಅವರ ಗರಡಿಯಲ್ಲಿ ಪಳಗಿದವರೇ.

ಯಾದಗಿರಿಯಂಥ ಜಿಲ್ಲೆಗೆ ಬೇಕಾಗಿರುವುದು ಈ ಬಗೆಯ ತರಬೇತುದಾರರು. ಬೇಸಿಗೆಯಲ್ಲಿ 40 ಡಿಗ್ರಿ ಮೀರುವ ಇಲ್ಲಿನ ಬಿಸಿಲಿನಲ್ಲಿ ಓಟ, ಸವಾರಿಗಳ ಅಭ್ಯಾಸವನ್ನು ಸೂರ್ಯ ನೆತ್ತಿಗೇರುವ ಮೊದಲೇ ಮುಗಿಸಬೇಕಾಗುತ್ತದೆ. ನೀರಿನ ಪಾಠಕ್ಕೆ ಎದೆಮಟ್ಟದ ಆಳದ, ಕಾವಲಿರುವ ಕೊಳ ಮತ್ತು ಹುಡುಗಿಯರಿಗೂ ಮೀಸಲಾದ ಹೊತ್ತು ಬೇಕು. ಅಲ್ಲಿ ಮೊದಲು ಕಲಿಸುವುದು ವೇಗವನ್ನಲ್ಲ, ಮುಖವನ್ನು ನೀರಿನಲ್ಲಿಟ್ಟು ಉಸಿರನ್ನು ನಿಧಾನವಾಗಿ ಹೊರಬಿಡುವುದನ್ನು. ಆಮೇಲೆ ಮೈಚಾಚಿ ತೇಲುವುದು, ಕಾಲು ಬಡಿಯುವುದು, ಕೊನೆಗೆ ಕೈಯೆಳೆತ ಬರುತ್ತವೆ. ಓಟದಲ್ಲಿ ಪಳಗಿದ ಯುವಕರಿಗೆ ಈ ನಿಧಾನವೇ ಎಲ್ಲಕ್ಕಿಂತ ಕಷ್ಟ, ಏಕೆಂದರೆ ನೀರಿನಲ್ಲಿ ಬಲ ಹಾಕಿದಷ್ಟೂ ಮೈ ಸೆಟೆದು, ಕಾಲು ಕೆಳಗಿಳಿದು, ದಣಿವು ಬೇಗ ಬರುತ್ತದೆ.