ದನಗಳ ಹೃದಯಕವಾಟದ ಬೇನೆ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ತಾಲೂಕುಗಳ ಒಕ್ಕಲುತನದಲ್ಲಿ ಯಂತ್ರಗಳು ಹೆಚ್ಚಿದ್ದರೂ ಎತ್ತು, ಆಕಳು, ಎಮ್ಮೆಗಳು ಇಂದಿಗೂ ರೈತನ ಬಂಡವಾಳವೇ ಆಗಿವೆ. ಹಿಂಗಾರಿ ಜೋಳದ ಬಿತ್ತಿಗೆಯ ಕಾಲಕ್ಕೆ ಜೋಡಿಯಲ್ಲೊಂದು ಎತ್ತು ಬಿದ್ದರೆ ಎರೆಹೊಲದ ಹದ ತಪ್ಪುವುದು. ಇಂಥ ನಷ್ಟವನ್ನು ತರುವ ಬೇನೆಗಳಲ್ಲಿ ಹೃದಯಕವಾಟದ ಬಾವೂ ಒಂದು. ಒಂಟೆಗಳಿಗೂ ಅವುಗಳ ಬಳಗದ ಅಲ್ಪಾಕಾಗಳಿಗೂ ಇದು ತಗಲುವುದುಂಟು. ನಮ್ಮ ಸೀಮೆಯಲ್ಲಿ ದನಗಳನ್ನು ಕುರಿತು ಎಚ್ಚರ ವಹಿಸತಕ್ಕದ್ದು.

ಕಾರಣ:— ಹೃದಯದಲ್ಲಿ ನಾಲ್ಕು ಕವಾಟಗಳಿವೆ. ಕಮ್ಮಾರನ ತಿದಿಯೊಳಗಿನ ತೊಗಲಿನ ಮುಚ್ಚಳದಂತೆ ಇವು ರಕ್ತವನ್ನು ಮುಂದಕ್ಕೆ ಬಿಟ್ಟು ಹಿಂದಕ್ಕೆ ಬಾರದಂತೆ ತಡೆಯುವವು. ಗೊರಸಿನ ಕೀವು, ಕೆಚ್ಚಲು ಬಾವು, ಈದ ಮೇಲೆ ಕೊಳೆತ ಗರ್ಭಕೋಶ, ಮೇವಿನೊಡನೆ ನುಂಗಿದ ತಂತಿಯಿಂದಾದ ಹೊಟ್ಟೆಯೊಳಗಿನ ಗಾಯ, ಇವು ಬಹುದಿನ ಉಳಿದರೆ ಅಲ್ಲಿಯ ರೋಗಾಣುಗಳು ರಕ್ತವನ್ನು ಸೇರಿ ಕವಾಟಕ್ಕೆ ಅಂಟಿಕೊಳ್ಳುವವು. ಅಲ್ಲಿ ಹೂಕೋಸಿನಂಥ ಗಡ್ಡೆ ಬೆಳೆದು ಕವಾಟವು ಸರಿಯಾಗಿ ಮುಚ್ಚದಾಗುವುದು. ದನಗಳಲ್ಲಿ ಹೆಚ್ಚಾಗಿ ಕೆಡುವುದು ಬಲಗಡೆಯ ಕವಾಟ. ಗಡ್ಡೆಯ ತುಣುಕುಗಳು ಪುಪ್ಪುಸಕ್ಕೆ ಹೋಗಿ ಅಲ್ಲಿಯೂ ಕೀವು ಹುಟ್ಟಿಸುವವು.

ಲಕ್ಷಣಗಳು:— ಬಿಟ್ಟು ಬಿಟ್ಟು ಜ್ವರ ಬರುವುದು, ಮೇವು ತಗ್ಗುವುದು, ಹಾಲು ಇಳಿಯುವುದು, ಮೈ ಸೊರಗುವುದು. ಕುಂಟು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಾಗುವುದೂ ಉಂಟು. ಬೇನೆ ಬಲಿತಂತೆ ಕೊರಳಿನ ರಕ್ತನಾಳ ಹಗ್ಗದಂತೆ ಉಬ್ಬಿ, ಗಂಗೆದೊಗಲಿನಲ್ಲಿ ನೀರು ತುಂಬಿ, ಅಲ್ಪ ನಡಿಗೆಗೂ ಏದುಸಿರು ಬರುವುದು. ಹೃದಯದ ಸುತ್ತಣ ಪೊರೆಗೆ ತಂತಿ ಚುಚ್ಚಿದಾಗಲೂ ಹೀಗೆಯೇ ತೋರುವುದರಿಂದ ನಿರ್ಣಯವನ್ನು ಪಶುವೈದ್ಯರಿಗೇ ಬಿಡಬೇಕು.

ಚಿಕಿತ್ಸೆ:— ಆರಂಭದಲ್ಲಿಯೇ ತಿಳಿದರೆ ಪೆನಿಸಿಲಿನ್ ಮೊದಲಾದ ಔಷಧಗಳನ್ನು ಹಲವು ವಾರ ಎಡೆಬಿಡದೆ ಕೊಡಬೇಕಾಗುವುದು. ಜ್ವರ ಇಳಿಯಿತೆಂದು ಮೂರು ದಿನಕ್ಕೆ ನಿಲ್ಲಿಸಿದರೆ ಬೇನೆ ಮರಳುವುದು. ವೈದ್ಯರು ಹೇಳಿದ ಅವಧಿ ಮುಗಿಯುವ ತನಕ ಹಾಲನ್ನು ಮಾರಕೂಡದು, ಉಣ್ಣಕೂಡದು. ಗಂಗೆದೊಗಲು ಬಾತ ಮೇಲೆ ಗುಣದ ಆಶೆ ಬಹು ಕಡಿಮೆ.

ತಡೆಯುವ ಬಗೆ:— ಆದುದರಿಂದ ಮೂಲದಲ್ಲಿಯೇ ತಡೆಯುವುದು ಲೇಸು. ಗೊರಸಿನ ಗಾಯವನ್ನು ಅಂದೇ ತೊಳೆದು ಔಷಧ ಹಚ್ಚಬೇಕು. ಕೊಟ್ಟಿಗೆಯನ್ನು ಒಣದಾಗಿಡಬೇಕು. ಮಾಸು ಬೀಳದಿದ್ದರೆ ನಾಟಿ ಕೈಯಿಂದ ಎಳೆಸದೆ ವೈದ್ಯರನ್ನು ಕರೆಸಬೇಕು. ಮೊಳೆ, ತಂತಿ, ಸೂಜಿಗಳನ್ನು ತಿಪ್ಪೆಗಾಗಲಿ ಮೇವಿನ ಬಣವೆಯ ಬಳಿಗಾಗಲಿ ಚೆಲ್ಲಬಾರದು.

ಊರ ಹಿರಿಯರೂ ಜಮೀನುದಾರರೂ ತಮ್ಮ ಕೊಟ್ಟಿಗೆಯಲ್ಲಿ ಈ ಕ್ರಮವನ್ನು ಮೊದಲು ನಡೆಸಿ, ಸಣ್ಣ ಹಿಡುವಳಿದಾರರಿಗೂ ತಿಳಿಹೇಳತಕ್ಕದ್ದು. ಕೀವು ಗೊರಸಿನಲ್ಲಿರುವಾಗ ಆಗುವ ಖರ್ಚು ಅಲ್ಪ. ಅದು ಹೃದಯವನ್ನು ಮುಟ್ಟಿದ ಮೇಲೆ ಎತ್ತಿನ ಬೆಲೆಯನ್ನೇ ತೆರಬೇಕಾದೀತು.